ಉಪ್ಪಿನ ಋಣ ಯಾರ ಮೇಲೆ?

ನಮ್ಮ ಕಡೆ ಮನುಷ್ಯನಿಗೆ ಬಯ್ಯೋದಕ್ಕೆ ಬಯ್ಗುಳದ ಬರವೇನಿಲ್ಲ. ಆದರೆ ಪಾರ್ಟಿ ಬಿಟ್ಟು ಪಾರ್ಟಿಗೆ ಹಾರಿದವನಿಗೆ, ಸಂಘ ಒಡೆದವನಿಗೆ, ಪಾಂಡವಪುರದ ಸಂತೆಯಲ್ಲಾಗಲಿ ಕೆ.ಆರ್. ಪೇಟೆಯ ಟೀ ಅಂಗಡಿಯಲ್ಲಾಗಲಿ ಸಿಗುವುದು ಒಂದೇ ಹೆಸರು: ಮೀರ್ ಸಾದಿಕ್. ಇನ್ನೂರು ವರ್ಷದ ಹಿಂದೆ ಸತ್ತ ಒಬ್ಬ ದಿವಾನನ ಹೆಸರು ಇವತ್ತಿಗೂ ಬಯ್ಗುಳವಾಗಿ ಉಳಿದಿದೆ ಅಂದರೆ ಸಣ್ಣ ಮಾತಲ್ಲ. ಆದರೆ ನನಗೆ ಬಹಳ ದಿನದಿಂದ ಒಂದು ಅನುಮಾನ. 1799ರ ಮೇ 4ರ ಮಧ್ಯಾಹ್ನ ಶ್ರೀರಂಗಪಟ್ಟಣದ ಕೋಟೆ ಬಿದ್ದಾಗ ಒಡೆಯನನ್ನು ಬದಲಾಯಿಸಿದವರು ಒಬ್ಬಿಬ್ಬರಲ್ಲ. ಅವರಲ್ಲಿ ಒಬ್ಬನ ಹೆಸರು ಮಾತ್ರ ಯಾಕೆ ಬಯ್ಗುಳವಾಯಿತು? ಉಳಿದವರು ಯಾಕೆ ಜಹಗೀರುದಾರರಾದರು?

ಈ ಅನುಮಾನ ಪುಸ್ತಕ ಓದಿ ಹುಟ್ಟಿದ್ದಲ್ಲ. ನಾಗಮಂಗಲ ತಾಲ್ಲೂಕಿನ ನಮ್ಮೂರಲ್ಲಿ ನಮ್ಮ ತಾತ ಜೀತಕ್ಕಿದ್ದ. 1976ರಲ್ಲಿ ಜೀತ ರದ್ದಾಯಿತು ಅಂತ ಸರ್ಕಾರ ಕಾನೂನು ಮಾಡಿದ ಮೇಲೂ ಅದೇ ಮನೆ ಬಾಗಿಲಿಗೆ ಹೋಗುತ್ತಿದ್ದ. ಬೇರೆ ಎಲ್ಲಿಗೆ ಹೋಗಬೇಕು ಅಂತ ಗೊತ್ತಿರಲಿಲ್ಲ. ಅವನು ಸತ್ತ ದಿನ ಆ ಮನೆಯ ಯಜಮಾನರು ಕೇರಿಯ ತನಕ ಬಂದು, ದೂರದಲ್ಲೇ ನಿಂತು, "ಬಲು ನಂಬಿಕಸ್ಥ ಆಳು ಕಣ್ರಯ್ಯ, ಉಪ್ಪುಂಡ ಮನೆಗೆ ಎರಡು ಬಗೀಲಿಲ್ಲ" ಅಂದು ಹೋದರು. ನಮ್ಮವ್ವ ಅದನ್ನು ಕೇಳಿ ಹೆಮ್ಮೆಯಿಂದ ಅತ್ತಳು. ನಾನು ಆಗ ಬಿ.ಎ. ಓದುತ್ತಿದ್ದೆ. ಗದ್ದೆ ಉತ್ತವನು ತಾತ, ಕಳೆ ಕಿತ್ತವಳು ಅಜ್ಜಿ, ರಾಗಿ ಕುಯ್ದು ಕಣ ಮಾಡಿ ಹಗೇವಿಗೆ ತುಂಬಿದವರು ಇವರೇ. ಹಾಗಿದ್ದ ಮೇಲೆ ಯಾರು ಯಾರ ಉಪ್ಪು ತಿಂದದ್ದು? ಈ ಪ್ರಶ್ನೆ ಇಟ್ಟುಕೊಂಡೇ ನಾನು ಶ್ರೀರಂಗಪಟ್ಟಣದ ಚರಿತ್ರೆಯನ್ನು ಓದಿದೆ.

ಹೈದರಾಲಿಯಿಂದಲೇ ಶುರುಮಾಡೋಣ. ಅವನು ದಳವಾಯಿ ನಂಜರಾಜಯ್ಯನ ಕೈಕೆಳಗೆ ಬೆಳೆದವನು. ಬೆಳೆದ ಮೇಲೆ ನಂಜರಾಜಯ್ಯನನ್ನು ಮೂಲೆಗೆ ಕೂರಿಸಿದ. ಹೈದರನ ಕೈಕೆಳಗೆ ಲೆಕ್ಕಪತ್ರ ನೋಡುತ್ತಾ ಬೆಳೆದವನು ಖಂಡೇರಾಯ. ಅವನು 1760ರಲ್ಲಿ ಅರಮನೆಯ ಜತೆ ಸೇರಿ, ಮರಾಠರನ್ನು ಕರೆಸಿಕೊಂಡು, ಹೈದರನ ಮೇಲೆಯೇ ತೋಪು ಹಾರಿಸಿದ. ಹೈದರ್ ಹೆಂಡತಿ ಮಕ್ಕಳನ್ನು ಪಟ್ಟಣದಲ್ಲೇ ಬಿಟ್ಟು ರಾತ್ರೋರಾತ್ರಿ ಬೆಂಗಳೂರಿಗೆ ಓಡಿದ. ಆ ಮಕ್ಕಳಲ್ಲಿ ಟಿಪ್ಪು ಒಬ್ಬ. ಮಾರನೆಯ ವರ್ಷ ಹೈದರನ ಕೈ ಮೇಲಾಯಿತು. ಖಂಡೇರಾಯನ ಜೀವ ಉಳಿಸು ಅಂತ ಅರಮನೆಯ ಹೆಂಗಸರು ಬೇಡಿಕೊಂಡರಂತೆ. "ಗಿಣಿ ಸಾಕಿದ ಹಾಗೆ ಸಾಕ್ತೀನಿ" ಅಂತ ಹೈದರ್ ಮಾತು ಕೊಟ್ಟ, ಮಾತಿನಂತೆ ನಡೆದ: ಕಬ್ಬಿಣದ ಪಂಜರ ಮಾಡಿಸಿ ಅದರೊಳಗೆ ಕೂರಿಸಿ ಹಾಲು ಅನ್ನ ಹಾಕಿದ. ಹೀಗಂತ ವಿಲ್ಕ್ಸ್ ಬರೆದ ಚರಿತ್ರೆಯಲ್ಲಿದೆ. ವಿಲ್ಕ್ಸ್ ಕಂಪನಿಯ ನೌಕರ, ಹೈದರ್ ಟಿಪ್ಪು ಬಗ್ಗೆ ಒಳ್ಳೆಯದು ಬರೆಯಲು ಅವನಿಗೆ ಕಾರಣವಿರಲಿಲ್ಲ ಅನ್ನೋದನ್ನ ಮರೆಯದೆ ಓದಬೇಕು. ಆದರೂ ಒಂದು ವಿಷಯ ನಿಚ್ಚಳ. ಸ್ವಾಮಿನಿಷ್ಠೆಯ ಪಾಠ ಹೇಳುವ ಈ ಸಿಂಹಾಸನದ ಒಂದೊಂದು ಮೆಟ್ಟಿಲೂ ಸ್ವಾಮಿದ್ರೋಹದ ಮೇಲೆ ನಿಂತಿತ್ತು.

ನಿಷ್ಠೆಯೇ ಇರಲಿಲ್ಲ ಅಂತಲ್ಲ. ಪಾಂಡವಪುರ ತಾಲ್ಲೂಕಿನ ಚಿನಕುರಳಿಯಲ್ಲಿ 1771ರ ಮಾರ್ಚಿಯಲ್ಲಿ ಮರಾಠರ ತ್ರ್ಯಂಬಕರಾವ್ ಹೈದರನ ಸೈನ್ಯವನ್ನು ದಿಕ್ಕಾಪಾಲು ಮಾಡಿದ. ಹೈದರನ ಹಾಗೇ ಕಾಣುತ್ತಿದ್ದ ಯಾಸಿನ್ ಖಾನ್ ಎಂಬ ಸರದಾರ ಗಾಯಗೊಂಡು ಬಿದ್ದಿದ್ದವನು, ನಾನೇ ಹೈದರ್ ಅಂತ ಶತ್ರುಗಳ ಕೈಗೆ ಸಿಕ್ಕಿಕೊಂಡ, ಅಷ್ಟು ಹೊತ್ತಿಗೆ ನಿಜವಾದ ಹೈದರ್ ಪಟ್ಟಣ ಸೇರಿಕೊಂಡ ಅಂತ ಅದೇ ವಿಲ್ಕ್ಸ್ ಹೇಳುತ್ತಾನೆ. ಚಿನಕುರಳಿಯ ಹೊಲದಲ್ಲಿ ನಿಂತು ಕೇಳಿ, ಯಾಸಿನ್ ಖಾನ್ ಅಂದರೆ ಯಾರಂತ. ಮೀರ್ ಸಾದಿಕ್ ಎಲ್ಲರಿಗೂ ಗೊತ್ತು.

1782ರ ಡಿಸೆಂಬರ್ 7ರಂದು ಹೈದರ್ ಚಿತ್ತೂರಿನ ಹತ್ತಿರ ದಂಡಿನಲ್ಲೇ ಸತ್ತ. ಟಿಪ್ಪು ದೂರದ ಮಲಬಾರಿನಲ್ಲಿದ್ದ. ಸುದ್ದಿ ಹೊರಗೆ ಬಿದ್ದರೆ ದಂಡು ಒಡೆಯುತ್ತದೆ. ಟಿಪ್ಪುವಿನ ತಮ್ಮ ಅಬ್ದುಲ್ ಕರೀಮನನ್ನು ಪಟ್ಟಕ್ಕೆ ಕೂರಿಸುವ ಸಂಚೂ ನಡೆದಿತ್ತು. ಆಗ ಹೆಣವನ್ನು ಪೆಟ್ಟಿಗೆಯಲ್ಲಿಟ್ಟು, ಖಜಾನೆ ಸಾಗಿಸುವ ಹಾಗೆ ಕೋಲಾರಕ್ಕೆ ಸಾಗಿಸಿ, ದಿನದ ದರ್ಬಾರು ನಡೆಯುತ್ತಲೇ ಇದೆ ಎಂಬಂತೆ ನಟಿಸಿ, ಟಿಪ್ಪು ಬಂದು ಸೇರುವ ತನಕ ದಂಡನ್ನು ಹಿಡಿದಿಟ್ಟವರಲ್ಲಿ ಮುಖ್ಯನಾದವನು ಪೂರ್ಣಯ್ಯ. ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಬಡ ಹುಡುಗ ಹೈದರನ ಖಜಾನೆಯ ತನಕ ಬಂದಿದ್ದ. ಬ್ರಾಹ್ಮಣನೊಬ್ಬ ಮುಸಲ್ಮಾನ ದೊರೆಯ ಹೆಣ ಕಾದು ಮಗನಿಗೆ ರಾಜ್ಯ ಒಪ್ಪಿಸಿದ ಅಂದರೆ ಇವತ್ತಿನ ಭಾಷಣಕಾರರಿಗೆ ನುಂಗಲಾರದ ತುತ್ತು. ಅದು ಅವರ ಕಷ್ಟ.

ಅದೇ ವರ್ಷ ಮತ್ತೊಂದು ನಿಷ್ಠೆ ಕೆಲಸ ಮಾಡುತ್ತಿತ್ತು. ಇಮ್ಮಡಿ ಕೃಷ್ಣರಾಜ ಒಡೆಯರ ವಿಧವೆ ರಾಣಿ ಲಕ್ಷ್ಮಮ್ಮಣ್ಣಿಯವರ ಪರವಾಗಿ ತಿರುಮಲರಾವ್ ಎಂಬ ಪ್ರಧಾನ ತಂಜಾವೂರಿನಲ್ಲಿ ಇಂಗ್ಲಿಷರ ಜತೆ ಕರಾರು ಮಾಡಿಕೊಂಡ. ಹೈದರನನ್ನು ತೆಗೆದು ಒಡೆಯರ ವಂಶವನ್ನು ಮತ್ತೆ ಕೂರಿಸಿದರೆ ಇಷ್ಟು ಹಣ ಅಂತ. 1783ರಲ್ಲಿ ಟಿಪ್ಪು ಮಂಗಳೂರಿನ ಕಡೆ ಇದ್ದಾಗ, ಅಂಚೆ ಇಲಾಖೆಯ ಮುಖ್ಯಸ್ಥ ಶಾಮಯ್ಯ ಪಟ್ಟಣದಲ್ಲೇ ದಂಗೆಯೇಳಿಸಲು ಸಂಚು ಹೂಡಿದ. ಸಂಚು ಹೊರಬಿತ್ತು. ಕೆಲವರ ತಲೆ ಹೋಯಿತು, ಶಾಮಯ್ಯನಿಗೆ ಕಬ್ಬಿಣದ ಪಂಜರ. ಈ ಅಂಚೆ ಶಾಮಯ್ಯ ನಿಷ್ಠನೋ ದ್ರೋಹಿಯೋ? ರಾಣಿಯ ಕಡೆಯಿಂದ ನೋಡಿದರೆ ನಿಷ್ಠ, ಸುಲ್ತಾನನ ಕಡೆಯಿಂದ ದ್ರೋಹಿ. ತಿರುಮಲರಾಯನ ಕುಲದವರ ಮೇಲೆ ಟಿಪ್ಪು ಸೇಡು ತೀರಿಸಿಕೊಂಡ ಅಂತ ಮೇಲುಕೋಟೆಯ ಮಂಡ್ಯಂ ಅಯ್ಯಂಗಾರರು ಇಂದಿಗೂ ನರಕ ಚತುರ್ದಶಿ ಆಚರಿಸುವುದಿಲ್ಲ. ಅದೇ ಮೇಲುಕೋಟೆಯ ಗುಡಿಯಲ್ಲಿ ಟಿಪ್ಪು ಕೊಟ್ಟ ಬೆಳ್ಳಿಯ ಪಾತ್ರೆಗಳೂ ಇವೆ. ಎರಡೂ ಇವೆ. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಮೆರವಣಿಗೆ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ಪ್ರಶ್ನೆ ಅದಲ್ಲ.

ಈ ದೊಡ್ಡವರ ನಿಷ್ಠೆಗಳ ನಡುವೆ ಊರುಗಳು ಏನಾದವು? 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ದಂಡು ಕಟ್ಟಿಕೊಂಡು ಶ್ರೀರಂಗಪಟ್ಟಣದ ಹತ್ತಿರ ಅರಕೆರೆಯ ತನಕ ಬಂದ. ಹತ್ತು ವರ್ಷದ ಹಿಂದೆ, 1781ರಲ್ಲಿ, ಅಮೆರಿಕದ ಯಾರ್ಕ್‌ಟೌನಿನಲ್ಲಿ ಜಾರ್ಜ್ ವಾಷಿಂಗ್ಟನ್ನನ ಸೈನ್ಯಕ್ಕೆ ಶರಣಾಗಿ ಬಂದವನೇ ಈ ಕಾರ್ನ್‌ವಾಲಿಸ್. ಅಲ್ಲಿ ಸೋತ ಮಾನವನ್ನು ಇಲ್ಲಿ ಗಳಿಸಬೇಕಿತ್ತು. ಟಿಪ್ಪು ದಾರಿಯ ಊರುಗಳ ಮೇವು ಕಾಳುಗಳನ್ನು ಮೊದಲೇ ಇಲ್ಲವಾಗಿಸಿದ್ದ. ಎತ್ತುಗಳು ಹಸಿದು ಸತ್ತವು. ಕಾರ್ನ್‌ವಾಲಿಸ್ ತನ್ನ ದೊಡ್ಡ ತೋಪುಗಳನ್ನು ತಾನೇ ಒಡೆಸಿ ಹಿಂದಕ್ಕೆ ತಿರುಗಿದ. ಅಷ್ಟರಲ್ಲಿ ಮರಾಠರ ದಂಡು ಬಂದು ಸೇರಿಕೊಂಡಿತು, ಎರಡೂ ಕೂಡಿ ನಾಗಮಂಗಲದ ಹಾದಿಯಲ್ಲಿ ಬೆಂಗಳೂರಿಗೆ ಹೋದವು. ಒಂದು ದಂಡು ಮೇವು ಸುಟ್ಟಿತು, ಇನ್ನೆರಡು ದಂಡು ಉಳಿದದ್ದನ್ನು ಮೇಯ್ದವು. ಚರಿತ್ರೆಕಾರರು ಸತ್ತ ಎತ್ತುಗಳ ಲೆಕ್ಕ ಇಟ್ಟಿದ್ದಾರೆ.

ಮಾರನೆಯ ವರ್ಷ ಟಿಪ್ಪು ಸೋತ. ಅರ್ಧ ರಾಜ್ಯ ಹೋಯಿತು, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ, 3 ಕೋಟಿ 30 ಲಕ್ಷ ರೂಪಾಯಿ ದಂಡ ಒಪ್ಪಿಕೊಂಡ. ಎಲ್ಲರೂ ಆ ಇಬ್ಬರು ಹುಡುಗರ ಚಿತ್ರ ನೋಡಿದ್ದೇವೆ, ಇಂಗ್ಲಿಷ್ ಚಿತ್ರಕಾರರು ಅದನ್ನು ಮತ್ತೆ ಮತ್ತೆ ಬರೆದರು. ಆದರೆ ಆ ಹಣ ಎಲ್ಲಿಂದ ಬಂತು? ಖಜಾನೆಯಿಂದ ಬಂದದ್ದು ಒಂದು ಪಾಲು ಮಾತ್ರ. ಉಳಿದದ್ದನ್ನು ಸೈನ್ಯದವರಿಂದ, ಅಮಲ್ದಾರರಿಂದ, ಪ್ರಜೆಗಳಿಂದ ನಜರಾಣೆ ಅಂತ ಎತ್ತಲಾಯಿತು. ಅಮಲ್ದಾರ ಸ್ವಂತ ಜೇಬಿನಿಂದ ಕೊಡುತ್ತಾನೆಯೇ? ಅವನು ಶಾನುಭೋಗನನ್ನು ನೋಡುತ್ತಾನೆ, ಶಾನುಭೋಗ ಪಟೇಲನನ್ನು, ಪಟೇಲ ರೈತನನ್ನು. ರೈತನ ಹಿಂದೆ ಅವನ ಆಳು ನಿಂತಿರುತ್ತಾನೆ. ಆಳಿನ ಹಿಂದೆ ಯಾರೂ ಇಲ್ಲ.

ಈಗ 1799ಕ್ಕೆ ಬರೋಣ. ಮೇ 4, ಸುಡುಬಿಸಿಲು. ಕೋಟೆಯ ವಾಯವ್ಯ ಮೂಲೆಯಲ್ಲಿ ಗೋಡೆ ಒಡೆದಿತ್ತು. ಹೊಳೆಯಲ್ಲಿ ನೀರು ಕಮ್ಮಿ. ಆ ಮೂಲೆಯನ್ನು ಕಾಯುತ್ತಿದ್ದವನು ಸೈಯದ್ ಗಫಾರ್. ಇವನ ಕತೆ ವಿಚಿತ್ರ. ಮೊದಲು ಇಂಗ್ಲಿಷರ ಸೇವೆಯಲ್ಲಿದ್ದು, ಹೈದರನ ಕಾಲದ ಯುದ್ಧದಲ್ಲಿ ಸೆರೆಸಿಕ್ಕಿ, ಆಮೇಲೆ ಮೈಸೂರಿನ ಪರ ನಿಂತವನು. ಮೊದಲ ಒಡೆಯನ ಲೆಕ್ಕದಲ್ಲಿ ಇವನೇ ದ್ರೋಹಿ. ಆದರೆ ಆವತ್ತು ಮಧ್ಯಾಹ್ನ ಗುಂಡು ತಗುಲಿ ತನ್ನ ಜಾಗದಲ್ಲೇ ಸತ್ತ. ಸುದ್ದಿ ಕೇಳಿದ ಟಿಪ್ಪು ಊಟ ಬಿಟ್ಟು ಎದ್ದ. ಒಂದು ಗಂಟೆಯ ಸುಮಾರಿಗೆ ಇಂಗ್ಲಿಷರು ಹೊಳೆ ದಾಟಿದರು. ಸಂಬಳ ಹಂಚುವ ನೆಪದಲ್ಲಿ ಮೀರ್ ಸಾದಿಕ್ ಕಾವಲಿನವರನ್ನು ಅಲ್ಲಿಂದ ಕರೆಸಿಕೊಂಡ, ಸುಲ್ತಾನನ ಹಿಂದೆ ಬಾಗಿಲು ಹಾಕಿಸಿದ ಅನ್ನೋದು ಜನ ಹೇಳುತ್ತ ಬಂದ ಕತೆ. ಸಾಯಂಕಾಲದೊಳಗೆ ಟಿಪ್ಪು ನೀರು ಬಾಗಿಲ ಹತ್ತಿರ ಸತ್ತಿದ್ದ, ರಾತ್ರಿ ದೀಪ ಹಿಡಿದು ಹೆಣಗಳ ರಾಶಿಯಲ್ಲಿ ಹುಡುಕಬೇಕಾಯಿತು. ಮೀರ್ ಸಾದಿಕನನ್ನು ಟಿಪ್ಪುವಿನ ಸಿಪಾಯಿಗಳೇ ಕೊಂದಿದ್ದರು. ಹೂತ ಹೆಣವನ್ನೂ ಜನ ಬಿಡಲಿಲ್ಲ, ತೆಗೆದು ಅವಮಾನ ಮಾಡಿದರು.

ಆ ರಾತ್ರಿ ಪಟ್ಟಣದಲ್ಲಿ ಲೂಟಿಯಾಗದ ಮನೆ ಉಳಿದದ್ದೇ ಅಪರೂಪ ಎಂಬರ್ಥದಲ್ಲಿ ಆರ್ಥರ್ ವೆಲ್ಲೆಸ್ಲಿಯೇ ತನ್ನ ಅಣ್ಣ, ಗವರ್ನರ್ ಜನರಲ್ಲಿಗೆ ಬರೆದ. ಸತ್ತವರು ಸಾವಿರಗಟ್ಟಲೆ.

ಬದುಕಿ ಉಳಿದ ದೊಡ್ಡವರು ಏನಾದರು? ಟಿಪ್ಪುವಿನ ಬಂಧು, ದಂಡನಾಯಕ ಕಮರುದ್ದೀನ್ ಖಾನನಿಗೆ ಗುರ್ರಂಕೊಂಡದ ಜಹಗೀರು. ಮಕ್ಕಳಿಗೆ ವೆಲ್ಲೂರಿನ ಕೋಟೆ, ಪಿಂಚಣಿ. ಐದು ವರ್ಷದ ಮುಮ್ಮಡಿ ಕೃಷ್ಣರಾಜರಿಗೆ ಜೂನ್ 30ರಂದು ಪಟ್ಟ. ಹದಿನೇಳು ವರ್ಷ ಟಿಪ್ಪುವಿನ ಖಜಾನೆ ನೋಡಿದ ಪೂರ್ಣಯ್ಯನಿಗೆ ದಿವಾನಗಿರಿ, 1807ರಲ್ಲಿ ಯಳಂದೂರಿನ ಜಹಗೀರು.

ಪೂರ್ಣಯ್ಯನನ್ನು ದ್ರೋಹಿ ಅನ್ನಬೇಕೆ? ನನಗೆ ಅಷ್ಟು ಸಲೀಸಾಗಿ ಅನ್ನಲು ಬಾಯಿ ಬರುವುದಿಲ್ಲ. ಕೋಟೆ ಬಿದ್ದ ಮೇಲೂ ಅವನು ಮೊದಲು ಕೇಳಿದ್ದು ಟಿಪ್ಪುವಿನ ಹಿರಿಯ ಮಗ ಫತೇ ಹೈದರನಿಗೆ ಪಟ್ಟ ಕಟ್ಟಿ ಅಂತ. ಇಂಗ್ಲಿಷರು ಒಪ್ಪಲಿಲ್ಲ. ಅವರು ಒಪ್ಪದಿದ್ದಾಗ ಅವನು ಎದ್ದು ಹೋಗಲಿಲ್ಲ, ಅದೇ ಲೆಕ್ಕದ ಪುಸ್ತಕ ತೆಗೆದು ಹೊಸ ಒಡೆಯನ ಹೆಸರು ಬರೆದುಕೊಂಡ. ಕೆರೆಕಾಲುವೆ ದುರಸ್ತಿ ಮಾಡಿಸಿದ, ಖಜಾನೆ ತುಂಬಿಸಿದ. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಲ್ಲಿನ ಸೇತುವೆ ಕಟ್ಟಿಸಿದ, 1804ರಲ್ಲಿ ಮುಗಿಯಿತು, ಕಲ್ಲುಕಂಬಗಳ ಮೇಲೆ ಇವತ್ತಿಗೂ ನಿಂತಿದೆ. ಅದಕ್ಕಿಟ್ಟ ಹೆಸರು ವೆಲ್ಲೆಸ್ಲಿ ಸೇತುವೆ. ಐದು ವರ್ಷದ ಹಿಂದೆ ಅದೇ ಹೊಳೆ ದಾಟಿಸಿ ತನ್ನ ಸುಲ್ತಾನನನ್ನು ಕೊಲ್ಲಿಸಿದ ಗವರ್ನರ್ ಜನರಲ್ಲನ ಹೆಸರು!

ನನ್ನ ಲೆಕ್ಕ ಬೇರೆ ಕಡೆ ಇದೆ. 1799ರ ಜುಲೈ 8ರ ಒಪ್ಪಂದದ ಪ್ರಕಾರ ಮೈಸೂರು ವರ್ಷಕ್ಕೆ 7 ಲಕ್ಷ ವರಹ, ಅಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ ಕಂಪನಿಗೆ ಕಟ್ಟಬೇಕಿತ್ತು. ತನ್ನನ್ನು ಗೆದ್ದ ಸೈನ್ಯಕ್ಕೆ ತಾನೇ ಸಂಬಳ ಕೊಡುವುದು! ಪೂರ್ಣಯ್ಯ ಅದನ್ನು ತಪ್ಪದೆ ಕಟ್ಟಿದ. ಅವನ ಪ್ರಾಮಾಣಿಕತೆಯನ್ನು ಇಂಗ್ಲಿಷರು ಬಾಯ್ತುಂಬ ಹೊಗಳಿದರು. ಹೈದರನಿಗೆ ನಿಷ್ಠ, ಟಿಪ್ಪುವಿಗೆ ನಿಷ್ಠ, ಕಂಪನಿಗೂ ನಿಷ್ಠ. ಈ ಮೂರೂ ನಿಷ್ಠೆಯಲ್ಲಿ ಬದಲಾಗದೆ ಉಳಿದದ್ದು ಕಂದಾಯ ವಸೂಲಿ ಒಂದೇ. ಹಿರೋಡೆಯ ರೈತನಿಗೆ, ಅತ್ತಿಗುಪ್ಪೆಯ ತೋಟಿಗೆ ಗೆದ್ದವರು ಯಾರೆಂದು ಗೊತ್ತಾದದ್ದು ರಶೀದಿಯ ಮೊಹರಿನಿಂದ ಇರಬೇಕು.

ಇನ್ನೊಬ್ಬನ ಕತೆ ಹೇಳದೆ ಮುಂದೆ ಹೋಗಲಾರೆ. ಚನ್ನಗಿರಿಯ ದೋಂಡಿಯ ವಾಘ್. ಟಿಪ್ಪು ಇವನನ್ನು ಬಲವಂತದಿಂದ ಮತಾಂತರಿಸಿ ಶ್ರೀರಂಗಪಟ್ಟಣದ ಸೆರೆಮನೆಗೆ ಹಾಕಿದ್ದ. ಕೋಟೆ ಬಿದ್ದ ಗಲಾಟೆಯಲ್ಲಿ ಹೊರಬಿದ್ದ. ಟಿಪ್ಪುವಿಗೆ ಋಣಿಯಾಗಲು ಅವನಿಗೆ ಒಂದು ಕಾರಣವೂ ಇರಲಿಲ್ಲ. ಆದರೆ ಕೆಲಸ ಕಳೆದುಕೊಂಡು ದಿಕ್ಕುಗೆಟ್ಟಿದ್ದ ಟಿಪ್ಪುವಿನ ಸಿಪಾಯಿಗಳನ್ನು ಕೂಡಿಸಿಕೊಂಡು ಹದಿನಾರು ತಿಂಗಳು ಕಂಪನಿಯ ನಿದ್ದೆ ಕೆಡಿಸಿದವನು ಅವನೇ. ಉಭಯ ಲೋಕಾಧೀಶ್ವರ ಅಂತ ಬಿರುದು ಹಾಕಿಕೊಂಡ. ಸ್ವಲ್ಪ ಅತಿಯಾಯಿತು, ಇರಲಿ. 1800ರ ಸೆಪ್ಟೆಂಬರ್ 10ರಂದು ಆರ್ಥರ್ ವೆಲ್ಲೆಸ್ಲಿ ಅವನನ್ನು ಬೆನ್ನಟ್ಟಿ ಕೊಂದ. ಜಹಗೀರು ಸಿಕ್ಕವರ ಪಟ್ಟಿಯಲ್ಲಿ ಇವನಿಲ್ಲ, ಬಯ್ಗುಳದ ಪಟ್ಟಿಯಲ್ಲೂ ಇಲ್ಲ.

ಸ್ವಾಮಿಯ ಅನ್ನಕ್ಕೆ ಪ್ರಾಣ ಕೊಡುವ ಈ ನೀತಿ ಟಿಪ್ಪುವಿನ ಕಾಲದ್ದಲ್ಲ. ಹಳೆಯ ಕನ್ನಡದಲ್ಲಿ ಇದಕ್ಕೆ ಜೋಳವಾಳಿ ಅನ್ನುತ್ತಿದ್ದರು, ಉಂಡ ಜೋಳಕ್ಕೆ ತೀರಿಸುವ ಸಾಲ. ಕೆ.ಆರ್. ಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಗೆ ಹೋಗಿ ನೋಡಿ. ಗುಡಿಯ ಮುಂದೆ ಕಂಬಗಳು, ಕಂಬದ ತುದಿಯಲ್ಲಿ ಕಲ್ಲಿನ ಆನೆ. ಹದಿಮೂರನೆಯ ಶತಮಾನದವು. ಹೊಯ್ಸಳ ದೊರೆ ಸತ್ತರೆ ತಾವೂ ಸಾಯುತ್ತೇವೆಂದು ಭಾಷೆ ಕೊಟ್ಟ ಗರುಡರ ಮನೆತನವೊಂದು ತಲೆಮಾರಿನಿಂದ ತಲೆಮಾರಿಗೆ ಹಾಗೆಯೇ ಸತ್ತದ್ದನ್ನು ಅಲ್ಲಿನ ಶಾಸನ ಹೊಗಳುತ್ತದೆ. ನಾಯಕನ ಜತೆ ಹೆಂಡತಿಯರು ಸತ್ತರು. ಆಳುಗಳೂ ಸತ್ತರು. ದೊರೆಗೆ ಭಾಷೆ ಕೊಟ್ಟವನು ನಾಯಕ, ಅವನ ಮನೆಯ ಆಳುಮಗ ಏನು ಭಾಷೆ ಕೊಟ್ಟಿದ್ದ? ಆ ಕಂಬದ ಕೆಳಗೆ ನಿಂತಾಗ ನನಗೆ ತಾತನ ಕಾಲು ನೆನಪಾಯಿತು. ಚಪ್ಪಲಿ ಇಲ್ಲದೆ ಒಡೆದು ಹೋಗಿದ್ದ ಹಿಮ್ಮಡಿ.

ನಿಷ್ಠೆಗೆ ನಮ್ಮವರಿಗೆ ಬಹುಮಾನ ಸಿಕ್ಕೇ ಇಲ್ಲವೆ? ಸಿಕ್ಕಿದೆ. ಮೇಲುಕೋಟೆಯ ದೇವರ ಉತ್ಸವಮೂರ್ತಿ ದಿಲ್ಲಿಯ ಪಾಲಾಗಿತ್ತಂತೆ, ರಾಮಾನುಜಾಚಾರ್ಯರು ಅದನ್ನು ತರುವಾಗ ಹೊಲೆಯರು ಮೈಯೊಡ್ಡಿ ಕಾಪಾಡಿದರಂತೆ. ಅದಕ್ಕೆ ಅವರಿಗೆ ತಿರುಕುಲದವರು ಎಂಬ ಹೆಸರು ಬಂತು, ತೇರಿನ ಕಾಲದಲ್ಲಿ ಗುಡಿಯೊಳಗೆ ಬರಲು ಅಪ್ಪಣೆ ಸಿಕ್ಕಿತು. ವರ್ಷಕ್ಕೆ ಮೂರು ದಿನ. ಉಳಿದ ಮುನ್ನೂರ ಅರವತ್ತೆರಡು ದಿನ ದೇವರಿಗೆ ಋಣದ ನೆನಪಿರಲಿಲ್ಲ. ಕಂಪನಿಗೆ ನಿಷ್ಠನಾದವನಿಗೆ ಯಳಂದೂರು ವಂಶಪಾರಂಪರ್ಯ, ದೇವರಿಗೆ ನಿಷ್ಠರಾದವರಿಗೆ ಮೂರು ದಿನ. ಸಂವಿಧಾನ ಬರುವ ತನಕ ಲೆಕ್ಕ ಹೀಗಿತ್ತು.

ಇದು ರಾಜರ ಕತೆ, ರಾಜರೇ ಇಲ್ಲದ ಕಡೆ ಹೇಗಿತ್ತೋ ಅಂತ ಕೇಳಬಹುದು. 1797ರಲ್ಲಿ ಶ್ರೀರಂಗಪಟ್ಟಣದ ಫ್ರೆಂಚರು ಸ್ವಾತಂತ್ರ್ಯದ ಮರ ನೆಟ್ಟು, ಟಿಪ್ಪು ಒಬ್ಬನನ್ನು ಬಿಟ್ಟು ಉಳಿದ ರಾಜರಿಗೆಲ್ಲ ಧಿಕ್ಕಾರ ಕೂಗಿದರು ಅಂತ ಇಂಗ್ಲಿಷರು ಅಚ್ಚು ಹಾಕಿಸಿದ ಕಾಗದಗಳಲ್ಲಿದೆ. ಅದೆಷ್ಟು ನಿಜ ಅಂತ ಜಗಳವಾಡುವ ಪಂಡಿತರೂ ಇದ್ದಾರೆ. ಆದರೆ ಹೊಳೆ ದಾಟಿ ಆಚೆ, ಸಮುದ್ರ ದಾಟಿ ಆಚೆ, ನಿಜವಾಗಿಯೂ ರಾಜನನ್ನು ಓಡಿಸಿದ ಒಂದು ದೇಶ ಆಗ ಇತ್ತು. ಅಲ್ಲಿನವರು ಇಂಗ್ಲಿಷರ ಮೇಲಿನ ಸಿಟ್ಟಿಗೆ ತಮ್ಮ ಒಂದು ಯುದ್ಧದ ಹಡಗಿಗೆ ಹೈದರಾಲಿಯ ಹೆಸರಿಟ್ಟಿದ್ದರು, 1782ರಲ್ಲಿ. ಅವರಿಗೂ ಒಬ್ಬ ಮೀರ್ ಸಾದಿಕ್ ಇದ್ದ, ಬೆನೆಡಿಕ್ಟ್ ಆರ್ನಾಲ್ಡ್. ಶೂರನಾಗಿ ಕಾಲಿಗೆ ಗುಂಡು ತಿಂದವನು 1780ರಲ್ಲಿ ವೆಸ್ಟ್ ಪಾಯಿಂಟಿನ ಕೋಟೆಯನ್ನು ಶತ್ರುಗಳಿಗೆ ಮಾರಲು ಹೊರಟು ಸಿಕ್ಕಿಬಿದ್ದ, ಓಡಿಹೋಗಿ ಇಂಗ್ಲಿಷರ ಸೈನ್ಯದಲ್ಲಿ ಹುದ್ದೆ ಪಡೆದ. ಅವನ ಹೆಸರೂ ಅಲ್ಲಿ ಬಯ್ಗುಳ. ವಾಷಿಂಗ್ಟನ್ ಅವರ ಸತ್ಯಸಂಧ.

ಆ ವಾಷಿಂಗ್ಟನ್ ಸತ್ತದ್ದೂ 1799ರಲ್ಲೇ, ಡಿಸೆಂಬರ್ 14ರಂದು. ಆ ವರ್ಷ ಅವನ ಮೌಂಟ್ ವರ್ನನ್ ಎಸ್ಟೇಟಿನಲ್ಲಿ ಮುನ್ನೂರಕ್ಕೂ ಹೆಚ್ಚು ಗುಲಾಮರಿದ್ದರು. ಯುದ್ಧದ ಉದ್ದಕ್ಕೂ ಅವನ ಕುದುರೆಯ ಹಿಂದೆ ಇದ್ದ ವಿಲಿಯಂ ಲೀ ಎಂಬ ಕರಿಯ ಆಳಿಗೆ, ನಿಷ್ಠೆಯಿಂದ ನಡೆದುಕೊಂಡಿದ್ದಕ್ಕಾಗಿ ಉಯಿಲಿನಲ್ಲಿ ಬಿಡುಗಡೆಯನ್ನೂ ವರ್ಷಕ್ಕೆ 30 ಡಾಲರನ್ನೂ ಬರೆದಿಟ್ಟ. ಕೂಡಲೇ ಬಿಡುಗಡೆ ಸಿಕ್ಕಿದ್ದು ಆ ಒಬ್ಬನಿಗೆ. ಅಷ್ಟು ಹೊತ್ತಿಗೆ ಅವನ ಮಂಡಿಗಳು ಕೆಟ್ಟು ಕುಂಟನಾಗಿದ್ದ.

ಅದೇ ಮನೆಯಲ್ಲಿ ಓನಾ ಜಡ್ಜ್ ಎಂಬ ಹುಡುಗಿ ಇದ್ದಳು, ಯಜಮಾನಿಯ ಬಟ್ಟೆಬರೆ ನೋಡಿಕೊಳ್ಳುವವಳು. 1796ರಲ್ಲಿ ಫಿಲಡೆಲ್ಫಿಯಾದಲ್ಲಿ ಮನೆಯವರು ಊಟಕ್ಕೆ ಕೂತಿದ್ದಾಗ ಹೊರಬಿದ್ದು ಹಡಗು ಹತ್ತಿ ನ್ಯೂ ಹ್ಯಾಂಪ್‌ಶೈರಿಗೆ ಹೋದಳು. ನಾವು ಮಗಳ ಹಾಗೆ ನೋಡಿಕೊಂಡಿದ್ದವಳು ಕೃತಘ್ನಳಾದಳಲ್ಲ ಅಂತ ವಾಷಿಂಗ್ಟನ್ನನ ಮನೆಯವರು ನೊಂದುಕೊಂಡರು. ಒಂದು ದೇಶದ ಅಧ್ಯಕ್ಷ ಅವಳನ್ನು ಹಿಡಿದು ತರಿಸಲು ಸರ್ಕಾರಿ ಅಧಿಕಾರಿಗೆ ಹೇಳಿ ಕಳಿಸಿದ. ಆಮೇಲೆ ಬಂಧುವೊಬ್ಬನನ್ನು ಅಟ್ಟಿದ. ಅವಳು ಹೋಗಲಿಲ್ಲ. ಬಡತನದಲ್ಲೇ ಬದುಕಿ, ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡು, 1848ರಲ್ಲಿ ಸತ್ತಳು. ಕಾನೂನಿನ ಪ್ರಕಾರ ಆಗಲೂ ಅವಳು ಓಡಿಹೋದ ಗುಲಾಮಳೇ. ಮುದುಕಿಯಾದಾಗ ಪತ್ರಿಕೆಯವರು ಬಂದು, ಆ ಮನೆಯಲ್ಲಿದ್ದಿದ್ದರೆ ಇಷ್ಟು ಕಷ್ಟ ಇರುತ್ತಿರಲಿಲ್ಲವಲ್ಲ, ಬಿಟ್ಟು ಬಂದದ್ದಕ್ಕೆ ಬೇಜಾರಿಲ್ಲವೆ ಅಂತ ಕೇಳಿದರು. ಇಲ್ಲ ಅಂದಳು.

ಹೋದ ತಿಂಗಳು ಊರಿಗೆ ಹೋಗಿದ್ದಾಗ ಅವ್ವನಿಗೆ ಈ ಕತೆ ಹೇಳಿದೆ. ಟಿಪ್ಪು, ಪೂರ್ಣಯ್ಯ, ಮೀರ್ ಸಾದಿಕ್ ಎಲ್ಲ ಹೇಳುವಾಗ ಅವಳು ಅವರೆಕಾಯಿ ಸುಲಿಯುತ್ತಾ ಹೂಂಗುಟ್ಟುತ್ತಿದ್ದಳು. ಓನಾ ಜಡ್ಜಳ ಹತ್ತಿರ ಬಂದಾಗ ಕೈ ನಿಲ್ಲಿಸಿದಳು.

"ಆ ಹೆಣ್‌ಮಗ ಸಿಕ್ಕಾಕೊಂಡ್ಲೇನ್ಲಾ?"

"ಇಲ್ಲ ಕಣವ್ವ."

"ಸದ್ಯ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ನಿಮ್ ತಾತನೂ ಒಂದ್ ಸಲ ಓಡೋಗಿದ್ದ ಕಣ್ಲಾ, ಬಿಂಡಿಗನವಿಲೆ ಗಂಟ. ರಾತ್ರಿಕೇ ಇಡ್ಕೊಂಡು ಬಂದ್ರು" ಅಂದು ಮತ್ತೆ ಅವರೆಕಾಯಿ ಸುಲಿಯತೊಡಗಿದಳು.